ಹದಿನಾರು ಕಿಟಕಿಗಳ ಸಾಣೆ

೨೦೨೩ರ ಫೆಬ್ರವರಿ. ಇಟ್ಟಮಡುವಿನ ಒಂದು ಮರಗೆಲಸದ ಕಾರ್ಖಾನೆಯಲ್ಲಿ ನಾನು ಪ್ರೊಡಕ್ಷನ್ ಸೂಪರ್‌ವೈಸರ್ ಆಗಿ ಸೇರಿ ಎರಡನೆಯ ವರ್ಷ ನಡೆಯುತ್ತಿತ್ತು. ನನ್ನ ಊರು ಗದಗ, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ವಾಸ ಬಿಟಿಎಂ ಲೇಔಟಿನ ಒಂದು ಪಿ.ಜಿ.ಯಲ್ಲಿ. ಅದಕ್ಕೆ ಮೊದಲು ಮಾಡ್ಯುಲರ್ ಕಿಚನ್ ತಯಾರಿಸುವ ಕಂಪನಿಯೊಂದರಲ್ಲಿ, ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಅದನ್ನು ಬಿಟ್ಟು ಇಲ್ಲಿಗೆ ಬಂದೆ ಎಂದಾಗ ಪಿ.ಜಿ.ಯ ಗೆಳತಿಯರು, ಮ್ಯೂಸಿಯಮ್ಮಿಗೆ ಸೇರಿದೆಯಾ ಎಂದು ನಕ್ಕಿದ್ದರು.

ಅವರು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ಶೆಡ್ಡಿನಲ್ಲಿದ್ದ ನಾಲ್ಕು ಯಂತ್ರಗಳಲ್ಲಿ ಅತ್ಯಂತ ಹೊಸದೂ ಮಾಲೀಕ ನಾಗರಾಜಣ್ಣನಿಗಿಂತ ಹಿರಿಯದು. ನಾಗರಾಜಣ್ಣನಿಗೆ ಆಗ ಅರವತ್ತೆರಡು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಸ್ಪಿಂಡಲ್ ಮೋಲ್ಡರ್. ಮುಚ್ಚಿಹೋದ ಒಂದು ಗಾಡಿ ಕಾರ್ಖಾನೆಯ ಹರಾಜಿನಲ್ಲಿ ಅವರ ತಂದೆ ಕೊಂಡು ತಂದದ್ದು. ಬೀಡು ಕಬ್ಬಿಣದ ದಪ್ಪ ಮೇಜು, ಅದರ ನಡುವೆ ನೆಟ್ಟಗೆ ಮೇಲೆದ್ದ ಉಕ್ಕಿನ ದಂಡ, ದಂಡಕ್ಕೆ ಎದುರುಬದುರಾಗಿ ಬಿಗಿಯುವ ಎರಡು ಬ್ಲೇಡುಗಳು, ತಿರುಗಿಸಲು ಚರ್ಮದ ಬೆಲ್ಟು. ಬ್ಲೇಡಿನ ಅಂಚಿಗೆ ನಾವು ಸಾಣೆ ಹಿಡಿದು ಯಾವ ಆಕಾರ ಕೊಡುತ್ತೇವೋ, ಅದರ ಎದುರು ತಳ್ಳಿದ ಮರದಲ್ಲಿ ಅದರ ತದ್ವಿರುದ್ಧ ಆಕಾರ ಮೂಡುತ್ತದೆ. ಬ್ಲೇಡಿನ ಉಬ್ಬು ಮರದಲ್ಲಿ ತಗ್ಗಾಗುತ್ತದೆ, ಬ್ಲೇಡಿನ ತಗ್ಗು ಮರದಲ್ಲಿ ಉಬ್ಬಾಗುತ್ತದೆ. ಹಳೆಯ ಕಟ್ಟಡಗಳ ಬಾಗಿಲು, ಕಿಟಕಿ, ಚೌಕಟ್ಟುಗಳ ಅಂಚಿನಲ್ಲಿ ಕಾಣುವ ಅಲೆಅಲೆಯಾದ ಬೀಡಿಂಗ್ ಹುಟ್ಟುವುದು ಹೀಗೆ.

ಆ ಫೆಬ್ರವರಿಯಲ್ಲಿ ಕಾರ್ಖಾನೆ ಮುಚ್ಚುವ ಮಾತು ನಡೆದಿತ್ತು. ಜಾಗದಲ್ಲಿ ನಾಗರಾಜಣ್ಣನ ತಮ್ಮನಿಗೂ ಪಾಲಿತ್ತು, ಅಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸೋಣ ಎಂದು ಆತ ಬಹಳ ದಿನದಿಂದ ಹೇಳುತ್ತಿದ್ದ. ಗುಜರಿಯವನು ಬಂದು, ಮೋಲ್ಡರಿನ ಮೇಜನ್ನು ಬೆರಳ ಗೆಣ್ಣಿನಿಂದ ತಟ್ಟಿ, ತೂಕ ಅಂದಾಜು ಮಾಡಿ ಹೋಗಿದ್ದ. ಅಷ್ಟರಲ್ಲಿ ಬಸವನಗುಡಿಯ ಹಳೆಯ ಸಭಾಭವನವೊಂದರ ಟ್ರಸ್ಟಿನಿಂದ ವಿಚಾರಣೆ ಬಂತು. ನಾಗರಾಜಣ್ಣ ನನ್ನನ್ನೂ, ಬ್ಲೇಡುಗಳಿಗೆ ಸಾಣೆ ಹಿಡಿಯುವ ಮುನಿರಾಜುವನ್ನೂ ಕರೆದು ಹೇಳಿದರು.

"ನೋಡ್ರಪ್ಪಾ, ತಮ್ಮಂಗೆ ಮಾತು ಕೊಟ್ಟಿದೀನಿ. ಈ ಕೆಲ್ಸ ಸಿಕ್ರೆ ಶೆಡ್ಡು ಉಳಿಯತ್ತೆ. ಇಲ್ದಿದ್ರೆ ಮೆಷಿನ್ನು ಗುಜರಿಗೆ, ನಾನು ಮನೆಗೆ."

"ನಾವೆಲ್ಲಿಗೆ?" ಎಂದ ಮುನಿರಾಜು.

"ನಿಂಗೇನೋ ಗುರು, ತಳ್ಳೋ ಗಾಡಿ ಮೇಲೆ ಸಾಣೆ ಕಲ್ಲಿಟ್ಕೊಂಡು ಜಯನಗರದ ಆಂಟಿಯರ ಚಾಕು ಮಸೀತಾ ಹೋಗು."

ಮುನಿರಾಜು ನಗಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿದ್ದವನು. ತನ್ನ ಸಾಣೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ ಎಂದು ಹೇಳದೆ ಅವನ ದಿನ ಮುಗಿಯುತ್ತಿರಲಿಲ್ಲ.

ಸಭಾಭವನ ನೂರು ವರ್ಷದ ಹತ್ತಿರದ ಕಟ್ಟಡ. ಉದ್ದನೆಯ ಹಾಲ್, ಒಂದು ತುದಿಗೆ ವೇದಿಕೆ, ಇನ್ನೊಂದು ತುದಿಗೆ ಬಾಗಿಲು, ಎರಡೂ ಪಕ್ಕ ಎಂಟೆಂಟು ಎತ್ತರದ ತೇಗದ ಕಿಟಕಿಗಳು; ಎಣಿಕೆ ವೇದಿಕೆಯ ಪಕ್ಕದಿಂದ. ಮೇಲ್ಭಾಗವೆಲ್ಲ ಗಟ್ಟಿಯಾಗಿತ್ತು. ಮಳೆ ನೀರು ಸಿಡಿದು, ಗೆದ್ದಲು ಹತ್ತಿ, ಪ್ರತಿ ಚೌಕಟ್ಟಿನ ಕೆಳಗಿನ ಎರಡಡಿ ಮಾತ್ರ ಹಾಳಾಗಿತ್ತು. ಗಟ್ಟಿಯಾಗಿರುವ ಹಳೆಯ ಮರವನ್ನು ತೆಗೆಯಬಾರದು, ಹಾಳಾದಷ್ಟನ್ನೇ ಕತ್ತರಿಸಿ ಹೊಸದನ್ನು ಬೆಸೆಯಬೇಕು ಎಂಬುದು ಟ್ರಸ್ಟಿನ ಷರತ್ತು. ಅಂದರೆ ಮೇಲಿನಿಂದ ಇಳಿದು ಬರುವ ಹಳೆಯ ಬೀಡಿಂಗಿನ ಪ್ರತಿಯೊಂದು ಉಬ್ಬುತಗ್ಗೂ ನಮ್ಮ ಹೊಸ ತುಂಡಿನೊಳಕ್ಕೆ ತಡೆಯಿಲ್ಲದೆ ಹರಿಯಬೇಕು. ಬೆಸುಗೆಯಲ್ಲಿ ಒಂದು ಪೋಸ್ಟ್‌ಕಾರ್ಡಿನ ದಪ್ಪದಷ್ಟು ವ್ಯತ್ಯಾಸವಾದರೂ ಬಣ್ಣ ಬಳಿದ ಮೇಲೆ ಗೆರೆ ಎದ್ದು ಕಾಣುತ್ತದೆ. ಗೆರೆಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಮರ ಮತ್ತೆ ಕೊಳೆಯುತ್ತದೆ.

ಟ್ರಸ್ಟಿನ ಕಟ್ಟಡ ಸಮಿತಿಗೆ ಶ್ರೀಧರಮೂರ್ತಿ ಎಂಬ ನಿವೃತ್ತ ಎಂಜಿನಿಯರ್ ಮುಖ್ಯಸ್ಥರು. ಎತ್ತರದ ಆಳು, ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು. ಅವರು ನೇರವಾಗಿ ಹೇಳಿಬಿಟ್ಟರು.

"ಇನ್ನೊಬ್ರು ಸ್ಯಾಂಪಲ್ ತಂದಿದ್ರು. ಒಂದನೇ ಕಿಟಕಿಗೆ ಸಖತ್ತಾಗಿ ಕೂತ್ಕೊಂತು. ಬೇರೆ ಕಿಟಕಿಗೆ ಹಿಡಿದ್ರೆ ಗ್ಯಾಪು. ಹಳೇದನ್ನೆಲ್ಲ ಕಿತ್ತು ಪೂರ್ತಿ ಹೊಸದು ಹಾಕ್ತೀವಿ ಅಂದ್ರು. ಹಾಗೆ ಮಾಡೋದಾದ್ರೆ ನಾನು ಅಲ್ಯೂಮಿನಿಯಂ ಹಾಕ್ಸಲ್ವೇನ್ರೀ? ನೀವೂ ಟ್ರೈ ಮಾಡಿ. ಏಪ್ರಿಲ್ ಕೊನೆಗೆ ಸಮಿತಿ ಮೀಟಿಂಗ್ ಇದೆ. ಅಷ್ಟರೊಳಗೆ ಆದ್ರೆ ಸರಿ, ಆಗ್ಲಿಲ್ವಾ, ಅಲ್ಯೂಮಿನಿಯಂ."

ಬೇರೆ ಕಿಟಕಿಯಲ್ಲಿ ಗ್ಯಾಪು ಏಕೆ ಬಂತು ಎಂದು ಆಗ ನಾವು ಯಾರೂ ಕೇಳಲಿಲ್ಲ. ಅವರ ಕೆಲಸ ನೆಟ್ಟಗಿರಲಿಲ್ಲ ಎಂದುಕೊಂಡೆವು. ಪ್ರತಿಸ್ಪರ್ಧಿಯ ಬಗ್ಗೆ ಹಾಗೆ ಅಂದುಕೊಳ್ಳುವುದು ಸುಲಭ.

ಮೊದಲನೆಯ ಕಿಟಕಿಯ ಬೀಡಿಂಗಿನಿಂದ ಹಸಿರು, ಕೆನೆ, ನೀಲಿ, ಮತ್ತೆ ಹಸಿರು ಬಣ್ಣದ ಪದರಗಳನ್ನು ಎಬ್ಬಿಸಿ, ತಳದ ತೇಗ ಕಂಡ ಮೇಲೆ ಅಚ್ಚು ತೆಗೆದುಕೊಂಡೆವು. ಆ ಅಚ್ಚಿನಿಂದ ಮುನಿರಾಜು ಬ್ಲೇಡಿನ ಜೋಡಿಗೆ ಸಾಣೆ ಹಿಡಿದ. ಎರಡೂ ಬ್ಲೇಡು ಒಂದರ ನೆರಳಿನಂತೆ ಇನ್ನೊಂದು ಇರಬೇಕು, ಇಲ್ಲದಿದ್ದರೆ ಒಂದೇ ಕತ್ತರಿಸುತ್ತದೆ, ಇನ್ನೊಂದು ಸುಮ್ಮನೆ ಸುತ್ತುತ್ತದೆ. ಮಾರ್ಚ್ ತಿಂಗಳ ಮೊದಲ ವಾರ ಮೊದಲ ತುಂಡನ್ನು ಒಂದನೆಯ ಕಿಟಕಿಗೆ ಹಿಡಿದು ನೋಡಿದೆವು. ಬೆಸುಗೆಯ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಲಿಲ್ಲ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಮೋಲ್ಡರನ್ನು ಒಂದು ಆಕಾರಕ್ಕೆ ಸಜ್ಜು ಮಾಡಲು ಅರ್ಧ ದಿನ ಹಿಡಿಯುತ್ತದೆ. ಬ್ಲೇಡಿನ ಎತ್ತರ, ಆಳ, ಮರ ಒರಗುವ ತಡೆಗೋಡೆ, ಬೆಲ್ಟಿನ ಬಿಗಿ, ಎಲ್ಲ ಕೂಡಿ ಬರಬೇಕು. ಹಾಗಾಗಿ ಒಮ್ಮೆ ಕೂಡಿ ಬಂತೆಂದರೆ ಬೇಕಾದಷ್ಟನ್ನೂ ಒಂದೇ ಉಸಿರಿಗೆ ಓಡಿಸಿ ಮುಗಿಸುವುದು. ನಾಗರಾಜಣ್ಣ ಅದನ್ನೇ ಮಾಡಿದರು. ಒಪ್ಪಿಗೆ ಇನ್ನೂ ಬಂದಿರಲಿಲ್ಲ, ಆದರೂ ಕೆಡವಿದ ಮನೆಗಳಿಂದ ತಂದು ಒಣಗಿಸಿಟ್ಟಿದ್ದ ಹಳೆಯ ತೇಗವನ್ನೆಲ್ಲ ಹೊರಗೆಳೆದು, ಹದಿನಾರೂ ಕಿಟಕಿಗಳಿಗೆ ಸಾಲುವಷ್ಟು ಬೀಡಿಂಗ್ ಓಡಿಸಿಬಿಟ್ಟರು. ತೇಗದೊಳಗೆ ಕಣ್ಣಿಗೆ ಕಾಣದ ಮರಳಿನಂಥ ಅಂಶವಿರುತ್ತದೆ, ಉಕ್ಕಿನ ಅಂಚು ಬೇಗ ಮೊಂಡಾಗುತ್ತದೆ. ನಡುನಡುವೆ ಬ್ಲೇಡು ಬಿಚ್ಚಿ, ಮುನಿರಾಜು ಸಾಣೆ ಹಿಡಿದು ಕೊಟ್ಟಂತೆಲ್ಲ ಮತ್ತೆ ಹಾಕಿ ಓಡಿಸಿದೆವು. ಪ್ರತಿ ತುಂಡು ಹೊರಬಂದಂತೆ ಅದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ ಬರೆಯುವುದು ನನ್ನ ರೂಢಿ.

"ಅದೇನು ಕ್ಲಾಸಲ್ಲಿ ಅಟೆಂಡೆನ್ಸ್ ತಗೊಳ್ಳೋ ಹಾಗೆ ನಂಬರ್ ಹಾಕ್ತೀಯಮ್ಮಾ?" ಎನ್ನುತ್ತಿದ್ದರು ನಾಗರಾಜಣ್ಣ.

"ಯಾವುದಾರ ತಪ್ಪಿಸಿಕೊಂಡ್ರ ಗೊತ್ತಾಗ್ಲಿ ಅಂತ ರೀ," ಎನ್ನುತ್ತಿದ್ದೆ.

ಏಪ್ರಿಲ್ ಎರಡನೆಯ ವಾರ ಟೆಂಪೋದಲ್ಲಿ ಎಲ್ಲವನ್ನೂ ಹೇರಿಕೊಂಡು ಸಭಾಭವನಕ್ಕೆ ಹೋದೆವು. ಕಟ್ಟು ಕಟ್ಟುವಾಗ ತುಂಡುಗಳು ಬೆರೆತುಹೋಗಿದ್ದವು. ಎಲ್ಲ ಒಂದೇ ಆಕಾರ ಎಂದ ಮೇಲೆ ಬೆರೆತರೇನು ಎಂದುಕೊಂಡೆವು. ಒಂದನೆಯ ಕಿಟಕಿಯ ಎಡಗಡೆ ಒಂದು ತುಂಡು ಕೂರಿಸಿದೆವು. ಅಚ್ಚುಕಟ್ಟು. ಬಲಗಡೆ ಇನ್ನೊಂದು ಕೂರಿಸಿದೆವು. ಉಬ್ಬು ಹಳೆಯದಕ್ಕಿಂತ ದಪ್ಪ, ತಗ್ಗು ಕಿರಿದು. ಬೆಸುಗೆಯಲ್ಲಿ ಮೆಟ್ಟಿಲು ಇಟ್ಟಂತೆ ಕಂಡಿತು.

ಶ್ರೀಧರಮೂರ್ತಿ ಸ್ಕೇಲನ್ನು ಬೆಸುಗೆಗೆ ಅಡ್ಡ ಹಿಡಿದರು. "ಇದೇನ್ರೀ ನಾಗರಾಜು? ಎಡಗಡೆ ಒಂದು, ಬಲಗಡೆ ಇನ್ನೊಂದು. ಒಂದೇ ಮೆಷಿನ್ನಲ್ಲಿ ಮಾಡಿದ್ದು ತಾನೆ?"

ಇನ್ನೂ ನಾಲ್ಕು ತುಂಡು ಹಿಡಿದೆವು. ಒಂದು ಹೊಂದಿತು, ಮೂರು ಹೊಂದಲಿಲ್ಲ. ನಾಗರಾಜಣ್ಣ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟರು. ತಮ್ಮ ಬಳಿ ಇದ್ದ ಒಳ್ಳೆಯ ತೇಗವನ್ನೆಲ್ಲ ಅವರು ಅದಾಗಲೇ ಬೀಡಿಂಗ್ ಮಾಡಿಬಿಟ್ಟಿದ್ದರು. ಬೀಡಿಂಗನ್ನು ಮತ್ತೆ ಮರವನ್ನಾಗಿ ಮಾಡುವ ಯಂತ್ರ ಯಾವುದೂ ಇಲ್ಲವಲ್ಲ.

"ಮುನಿರಾಜು, ಸಾಣೆ ಹಿಡಿಯುವಾಗ ಏನೋ ಆಗಿದೆ ಕಣೋ," ಎಂದರು ಮೆಲ್ಲಗೆ.

ಅಷ್ಟು ಸಾಕಾಯಿತು. "ನನ್ ಸಾಣೆ ಮೇಲೆ ಡೌಟಾ? ಅಣ್ಣ, ಇಪ್ಪತ್ತು ವರ್ಷ ಆಯ್ತು! ನನ್ ಬ್ಲೇಡು ಸರಿಗಿದೆ. ಈ ಕಿಟಕಿನೇ ಸರಿಗಿಲ್ಲ!"

"ನೂರು ವರ್ಷದ ಕಿಟಕಿ ನಿಮ್ಮ ಬ್ಲೇಡಿಗೆ ಅಡ್ಜಸ್ಟ್ ಮಾಡ್ಕೋಬೇಕೇನಪ್ಪಾ?" ಎಂದರು ಶ್ರೀಧರಮೂರ್ತಿ.

"ಬನ್ನಿ ಸಾರ್, ತೋರಿಸ್ತೀನಿ. ಇಲ್ಲಿರೋದೆಲ್ಲ ಒಂದೇ ಥರ ಇದೆಯಾ ನೋಡೇ ಬಿಡಣ."

ಬಲಗಡೆ ಹೊಂದದೇ ಹೋದ ತುಂಡನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಕಿಟಕಿಯಿಂದ ಕಿಟಕಿಗೆ ನಡೆದ. ಬರಿಯ ಹಟ. ಎರಡನೆಯದಕ್ಕೆ ಹಿಡಿದ, ಹೊಂದಲಿಲ್ಲ. ಮೂರನೆಯದು, ನಾಲ್ಕನೆಯದು. ಐದನೆಯದರ ಹತ್ತಿರ ಹೋಗುವಾಗ ಶ್ರೀಧರಮೂರ್ತಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಏಳನೆಯ ಕಿಟಕಿಗೆ ಹಿಡಿದವನು ಅಲ್ಲೇ ನಿಂತುಬಿಟ್ಟ.

"ಮೇಡಂ, ಇಲ್ಲಿ ಬನ್ನಿ."

ಹೋದೆ. ಉಗುರು ಎಳೆದೆ. ತಡೆಯಲಿಲ್ಲ. ಮೊದಲ ಕಿಟಕಿಯಲ್ಲಿ ಮೆಟ್ಟಿಲಿನಂತೆ ನಿಂತಿದ್ದ ಅದೇ ತುಂಡು ಇಲ್ಲಿ ಹಳೆಯ ಮರದ ಮುಂದುವರಿಕೆಯಂತೆ ಕೂತಿತ್ತು.

"ಇದು ಇಲ್ಲೆ ಕುಂತೈತ್ರಿ ಸಾರ್!" ಎಂದೆ. ಗಡಿಬಿಡಿಯಲ್ಲಿ ನನ್ನ ಊರಿನ ಮಾತು ಹೊರಬಿದ್ದಿತ್ತು.

"ನೋಡಿದ್ರಾ? ಕಿಟಕಿನೇ ಸರಿಗಿಲ್ಲ ಅಂದ್ನೋ ಇಲ್ವೋ!" ಎಂದು ಮುನಿರಾಜು ಗೆದ್ದವನಂತೆ ತಿರುಗಿದ.

ನಾನು ತುಂಡನ್ನು ಮಗುಚಿ ಬೆನ್ನು ನೋಡಿದೆ. ನಮ್ಮ ಓಟದ ಕೊನೆಕೊನೆಗೆ ಹೊರಬಂದ ತುಂಡು ಅದು, ಮುನಿರಾಜು ಹಲವು ಸಲ ಸಾಣೆ ಹಿಡಿದ ಮೇಲಿನದು. ಒಂದನೆಯ ಕಿಟಕಿಗೆ ಹೊಂದಿದ ತುಂಡುಗಳನ್ನು ಮಗುಚಿದೆ. ಅವೆಲ್ಲ ಮೊದಮೊದಲಿನವು. ಏನೂ ವಿವರಿಸದೆ ಎಲ್ಲ ತುಂಡುಗಳನ್ನೂ ಹಾಲಿನ ನೆಲದ ಮೇಲೆ ಓಡಿಸಿದ ಕ್ರಮದಲ್ಲಿ ಸಾಲಾಗಿ ಹರಡಿದೆ. ಅಕ್ಕಪಕ್ಕದ ಎರಡು ತುಂಡುಗಳನ್ನು ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಮೊದಲನೆಯದನ್ನೂ ಕೊನೆಯದನ್ನೂ ಎತ್ತಿ ಒಟ್ಟಿಗೆ ಹಿಡಿದರೆ ಬ್ಲೇಡು ಸಾಣೆಗೆ ಸವೆಯುತ್ತ ಬಂದದ್ದು ಮರದಲ್ಲಿ ಕಾಣುತ್ತಿತ್ತು. ಉಬ್ಬು ದಪ್ಪವಾಗುತ್ತ, ತಗ್ಗು ಕಿರಿದಾಗುತ್ತ ಹೋಗಿತ್ತು. ಇಡೀ ಓಟದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು.

ಆಮೇಲೆ ಮೊದಲಿನ ತುಂಡುಗಳನ್ನು ವೇದಿಕೆಯ ಹತ್ತಿರದ ಕಿಟಕಿಗಳಿಗೆ, ನಡುವಿನವನ್ನು ನಡುವಿನ ಕಿಟಕಿಗಳಿಗೆ ಹಿಡಿಯುತ್ತ ಹೋದೆವು. ಎಲ್ಲವೂ ನೂರಕ್ಕೆ ನೂರು ಹೊಂದಲಿಲ್ಲ, ಆದರೆ ದಿಕ್ಕು ತಪ್ಪಲಿಲ್ಲ. ಹಾಲಿನ ಕಿಟಕಿಗಳೂ ಅದೇ ದಾರಿಯಲ್ಲಿ ಬದಲಾಗುತ್ತ ಬಂದಿದ್ದವು. ಎಂಟನೆಯದು ಮುಗಿಸಿ, ಬಾಗಿಲ ಪಕ್ಕದಿಂದ ಎದುರು ಗೋಡೆಗೆ ದಾಟಿ ಒಂಬತ್ತನೆಯದನ್ನು ನೋಡಿದೆವು. ಅಲ್ಲಿ ಉಬ್ಬು ಇನ್ನೂ ದಪ್ಪ. ಹತ್ತನೆಯ ಕಿಟಕಿಗೆ ಹೋದಾಗ ಎಲ್ಲ ತಲೆಕೆಳಗಾಯಿತು. ಅಲ್ಲಿ ದಪ್ಪ ಉಬ್ಬಿನ ತುಂಡು ಯಾವುದೂ ಕೂರಲಿಲ್ಲ. ನನಗೆ ನಿರಾಸೆಯಾಯಿತು.

ಶ್ರೀಧರಮೂರ್ತಿ ನೆಲದ ಮೇಲಿನ ಸಾಲಿನಿಂದ ಮೊಟ್ಟಮೊದಲ ತುಂಡನ್ನು ತಾವೇ ಎತ್ತಿಕೊಂಡು ಬಂದು ಹಿಡಿದರು. ಕೂತಿತು.

"ಏನಪ್ಪಾ ಸಾಣೆ ಎಕ್ಸ್‌ಪರ್ಟು," ಎಂದರು ಮುನಿರಾಜುವಿನ ಕಡೆ ತಿರುಗಿ, "ಬ್ಲೇಡು ಮಸೀತಾ ಮಸೀತಾ ಕೊನೆಗೇನಾಗತ್ತೆ?"

"ಮುಗ್ದೋಗತ್ತೆ ಸಾರ್. ಬಿಸಾಕಿ ಹೊಸದು..." ಎಂದವನು ಬಾಯಿ ತೆರೆದುಕೊಂಡೇ ನಿಂತ. "ಅಯ್ಯೋ! ಇಲ್ಲಿ ಹೊಸಾ ಬ್ಲೇಡು ಹಾಕವ್ರೆ!"

ಶ್ರೀಧರಮೂರ್ತಿ ಜೋರಾಗಿ ನಕ್ಕರು. "ಆಗಿನ ಬಡಗಿಗಳೂ ನಿಮ್ಮ ಥರಾನೇ ಕಣ್ರೀ. ವೇದಿಕೆ ಕಡೆಯಿಂದ ಶುರು ಮಾಡಿದ್ದಾರೆ, ಒಂದೇ ಸಮ ಓಡಿಸಿದ್ದಾರೆ, ಬಾಗಿಲ ಹತ್ರ ಬರೋ ಹೊತ್ಗೆ ಬ್ಲೇಡು ಸವೆದಿದೆ. ಈ ಕಡೆ ಬಂದು ಒಂದು ಕಿಟಕಿ ಮಾಡೋದ್ರಲ್ಲಿ ಮುಗಿದೇಹೋಗಿದೆ."

ನಾಗರಾಜಣ್ಣ ಹತ್ತನೆಯ ಕಿಟಕಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಸಾರ್, ಮೀಟಿಂಗಿಗೆ ಇನ್ನೂ ಟೈಮಿದೆ. ಹೆಂಗೆ ಅವ್ರು ಮಾಡಿದ್ರೋ ಹಂಗೇ ಮಾಡ್ಕೊಡ್ತೀವಿ. ಒಂದರಿಂದ ಹದಿನಾರು."

ಕೆಲಸದ ದಾರಿ ಈಗ ಸ್ಪಷ್ಟವಾಗಿತ್ತು. ಹೊಸ ಯಂತ್ರಕ್ಕೆ ಮೊದಲೇ ಸಿದ್ಧಗೊಳಿಸಿದ ಗಟ್ಟಿ ಕಟ್ಟರ್ ಬೇಕು, ಅದು ಸುಲಭಕ್ಕೆ ಸವೆಯುವುದಿಲ್ಲ, ಸಾವಿರ ಅಡಿ ಓಡಿಸಿದರೂ ಒಂದೇ ಆಕಾರ. ಸಾಮಾನ್ಯವಾಗಿ ಅದು ಒಳ್ಳೆಯ ಗುಣವೇ. ಇಲ್ಲಿ ಪ್ರತಿ ಕಿಟಕಿಗೂ ಬೇರೆ ಬೇರೆ ಕಟ್ಟರ್ ಮಾಡಿಸಬೇಕಾಗುತ್ತಿತ್ತು. ನಮ್ಮ ಮೋಲ್ಡರಿಗೆ ಮುನಿರಾಜು ಕಲ್ಲಿನ ಮೇಲೆ ಬ್ಲೇಡನ್ನು ನಾಲ್ಕು ಸಲ ಎಳೆದರೆ ಸಾಕು, ಮುಂದಿನ ಕಿಟಕಿಯ ಆಕಾರ ಸಿದ್ಧ. ಯಾವ ಕಾರಣಕ್ಕೆ ಅದನ್ನು ಹಳತು ಎನ್ನುತ್ತಿದ್ದರೋ ಅದೇ ಈ ಕೆಲಸಕ್ಕೆ ಬೇಕಾಗಿದ್ದ ಅರ್ಹತೆ.

ಮೊದಲ ಓಟದ ತುಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮ ತಮ್ಮ ಕಿಟಕಿಗಳನ್ನು ಹುಡುಕಿಕೊಂಡವು. ಉಳಿದ ಕಿಟಕಿಗಳಿಗಾಗಿ ಇನ್ನಷ್ಟು ಹಳೆಯ ತೇಗ ಹೊಂದಿಸಿ ತಂದು ಮತ್ತೆ ಓಡಿಸಿದೆವು. ಹಾಲಿನ ಪ್ರತಿಯೊಂದು ಕಿಟಕಿಯ ಅಚ್ಚನ್ನೂ ನಾನು ಬೇರೆ ಬೇರೆಯಾಗಿ ತೆಗೆದು, ತಗಡಿನಲ್ಲಿ ಕತ್ತರಿಸಿ, ಮೋಲ್ಡರಿನ ಪಕ್ಕದ ಗೋಡೆಗೆ ಸಾಲಾಗಿ ನೇತುಹಾಕಿದೆ. ಮುನಿರಾಜು ಬ್ಲೇಡನ್ನು ತಗಡಿಗೆ ಹಿಡಿದು, ಬೆಳಕಿಗೆ ಎತ್ತಿ, ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಕಲ್ಲಿಗೆ ಹೋಗುತ್ತಿದ್ದ. ತನ್ನ ಸಾಣೆ ಬದಲಾಗುವುದೇ ಇಲ್ಲ ಎನ್ನುತ್ತಿದ್ದವನು ಈಗ ಹೊಸ ಮಾತು ಶುರು ಮಾಡಿದ್ದ.

"ಬದಲಾಗದೇ ಇರೋ ಥರ ಯಾರು ಬೇಕಾದ್ರೂ ಮಸೀತಾರೆ ಮೇಡಂ. ಎಷ್ಟು ಬೇಕೋ ಅಷ್ಟೇ ಬದಲಾಗೋ ಥರ ಮಸೀಬೇಕು. ಅದು ಕೈಚಳಕ."

"ಹೋದ ತಿಂಗಳು ಬ್ಯಾರೇನ ಹೇಳ್ತಿದ್ರಲ್ಲ ಮುನಿರಾಜಣ್ಣ?"

"ಹೋದ ತಿಂಗಳು ಹೋಯ್ತು, ಬಿಡಿ."

ಸಮಿತಿಯ ಸಭೆಗೆ ನಾಲ್ಕು ಕಿಟಕಿಗಳನ್ನು ಪೂರ್ತಿ ಬೆಸೆದು ನಿಲ್ಲಿಸಿದೆವು: ಒಂದು, ಏಳು, ಒಂಬತ್ತು, ಹತ್ತು. ಬೇಕೆಂದೇ ಬಣ್ಣ ಹಚ್ಚಿರಲಿಲ್ಲ. ಹೊಸ ತುಂಡೂ ಹಳೆಯ ತೇಗವೇ ಆದರೂ ಅದರ ಬಣ್ಣ ತುಸು ತಿಳಿ, ಹಾಗಾಗಿ ಬೆಸುಗೆ ಎಲ್ಲಿದೆ ಎಂಬುದು ಕಣ್ಣಿಗೆ ತಿಳಿಯುತ್ತಿತ್ತು. ಸದಸ್ಯರು ಆರು ಮಂದಿ. ಅಲ್ಯೂಮಿನಿಯಮ್ಮಿನ ಪರವಾಗಿದ್ದವರೊಬ್ಬರು, ಮರ ಎಂದರೆ ಎರಡು ಮಳೆಗಾಲಕ್ಕೆ ಮತ್ತೆ ಇದೇ ತಲೆನೋವು ಎಂದು ಶುರು ಮಾಡಿದರು. ಶ್ರೀಧರಮೂರ್ತಿ ವಾದಕ್ಕೆ ಇಳಿಯಲಿಲ್ಲ.

"ಕಣ್ಣು ಮುಚ್ಕೊಂಡು ಮೇಲಿಂದ ಕೆಳಗೆ ಕೈ ಎಳೀರಿ. ಜಾಯಿಂಟ್ ಸಿಕ್ಕಿದ ತಕ್ಷಣ ನಿಲ್ಸಿ."

ಆ ಸದಸ್ಯರು ಕಣ್ಣು ಮುಚ್ಚಿದರು. ಬೆರಳುಗಳು ಬೀಡಿಂಗಿನ ಮೇಲೆ ಇಳಿದವು. ಬೆಸುಗೆಯ ಹತ್ತಿರ ಬಂದವು. ಬೆರಳುಗಳು ನಿಲ್ಲದೆ ಬೆಸುಗೆಯನ್ನು ದಾಟಿ, ಕೆಳಗಿನ ಕಟ್ಟೆಗೆ ತಾಕಿದಾಗಲೇ ನಿಂತವು.

"ಎಲ್ಲಿ?" ಎಂದರು ಅವರು ಕಣ್ಣು ಬಿಟ್ಟು. "ದಾಟ್ಬಿಟ್ನಾ?"

ಮುನಿರಾಜು ತಡೆಯಲಾರದೆ ಶಿಳ್ಳೆ ಹೊಡೆದ. ಆ ಹಾಲಿನಲ್ಲಿ ಶಿಳ್ಳೆ ಚೆನ್ನಾಗಿ ಮೊಳಗುತ್ತದೆ ಎಂದು ಅಂದು ತಿಳಿಯಿತು. ಯಾರೂ ಬೈಯಲಿಲ್ಲ. ಉಳಿದ ಸದಸ್ಯರೂ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಕೈ ಎಳೆದರು, ಆಟಕ್ಕೆ ಬಂದ ಮಕ್ಕಳ ಹಾಗೆ. ಹದಿನಾರು ಕಿಟಕಿಗಳ ಕೆಲಸವೂ, ಅದರ ಜೊತೆಗೆ ಹಾಲಿನ ಎರಡು ದೊಡ್ಡ ಬಾಗಿಲುಗಳ ಕೆಲಸವೂ ನಮಗೆ ಸಿಕ್ಕಿತು. ಹೊರಗೆ ಬಂದು ನಾಗರಾಜಣ್ಣ ಮೊದಲು ಮಾಡಿದ ಕೆಲಸ ತಮ್ಮನಿಗೆ ಫೋನು. "ಮೆಷಿನ್ನು ಎಲ್ಲೂ ಹೋಗಲ್ಲ ಕಣೋ. ನೀನು ಬೇರೆ ಸೈಟು ನೋಡ್ಕೋ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟರು. ಆಮೇಲೆ ನಮ್ಮನ್ನು ದೋಸೆ ತಿನ್ನಲು ಕರೆದುಕೊಂಡು ಹೋದರು. ಮುನಿರಾಜು ಮೂರು ತಿಂದ.

ಮೇ ತಿಂಗಳಲ್ಲಿ ಕೊನೆಯ ಕಿಟಕಿಗೆ ಬಣ್ಣ ಮುಗಿಯಿತು. ಅದಾದ ವಾರದೊಳಗೇ ಒಂದು ಸಂಜೆ ಗಾಳಿ ಸಮೇತ ದೊಡ್ಡ ಮಳೆ. ನಾನು ಬಿಟಿಎಂ ಕಡೆಗೆ ಹೋಗುವ ಬಸ್ಸಿನಲ್ಲಿ ನೀರಿನ ನಡುವೆ ಸಿಕ್ಕಿಕೊಂಡಿದ್ದಾಗ ಶ್ರೀಧರಮೂರ್ತಿಯವರ ಫೋನು ಬಂತು. ಸುದ್ದಿ ಏನಿರಬಹುದೋ ಎಂದು ಹೆದರಿಯೇ ಎತ್ತಿದೆ.

"ಸವಿತಾ, ಹಾಲಲ್ಲೇ ಇದೀನಿ. ಹದಿನಾರಕ್ಕೂ ಒಳಗಡೆಯಿಂದ ನ್ಯೂಸ್‌ಪೇಪರ್ ಒತ್ತಿ ನೋಡ್ದೆ. ಒಂದು ಪೇಪರ್ರೂ ಒದ್ದೆ ಆಗ್ಲಿಲ್ಲ. ಇಷ್ಟೇ ಹೇಳೋಣ ಅಂತ ಮಾಡ್ದೆ. ಹುಷಾರಾಗಿ ಮನೆಗೆ ಹೋಗಮ್ಮಾ."

ಅಲ್ಲಿಂದೀಚೆಗೆ ನಮ್ಮ ಶೆಡ್ಡಿಗೆ ಶಾಲೆ, ಬಂಗಲೆ, ಗ್ರಂಥಾಲಯ ಎಂದು ಹಳೆಯ ಕಟ್ಟಡಗಳ ಕೆಲಸ ಬರುತ್ತಲೇ ಇದೆ. ಈಗ ನಾನು ಒಂದು ಬಾಗಿಲಿನ ಅಳತೆ ತೆಗೆದುಕೊಂಡು ಹಿಂತಿರುಗುವುದಿಲ್ಲ. ಇಡೀ ಕಟ್ಟಡವನ್ನು ಒಮ್ಮೆ ಸುತ್ತಿ, ಬಡಗಿಗಳು ಯಾವ ಮೂಲೆಯಿಂದ ಶುರು ಮಾಡಿರಬಹುದು, ಎಲ್ಲಿ ಅವರ ಬ್ಲೇಡು ದಣಿದಿರಬಹುದು, ಎಲ್ಲಿ ಹೊಸದು ಬಂದಿರಬಹುದು ಎಂದು ಬೆರಳಾಡಿಸಿ ನೋಡುತ್ತೇನೆ. ಹಳೆಯ ಕೆಲಸದ ಒಂದು ತುಂಡು ಇನ್ನೊಂದಕ್ಕೆ ಹೊಂದದೇ ಹೋದರೆ ಅದನ್ನು ದೋಷವೆಂದು ಬರೆಯುವ ಮುನ್ನ ಮುಂದಿನ ಕಿಟಕಿಯವರೆಗೆ ನಡೆದು ನೋಡಬೇಕು, ಅಲ್ಲಿಯೂ ಕೂರದಿದ್ದರೆ ಅದರ ಮುಂದಿನದರವರೆಗೆ. ನನ್ನ ವೃತ್ತಿ ನನಗೆ ಕಲಿಸಿದ್ದು ಅಷ್ಟು ನಡೆಯುವುದನ್ನು.